ಇಥಿಯೋಪಿಯಾದ ಹಳ್ಳಿ ಶಾಲೆಗೆ ಹೊರಟಿದ್ದೇನೆ, ಅಲ್ಲಿ ಕಲಿಸಿದವರು ಯಾರಾದರೂ ಇದ್ದೀರಾ?

ಕುಮಟೆಯ ಟೀಚರ್:

ನಮಸ್ಕಾರ. ನಾನು ಕುಮಟೆ ಕಡೆಯವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇಥಿಯೋಪಿಯಾದ ಗೊಜ್ಜಾಂ ಸೀಮೆಯ ಒಂದು ಸಣ್ಣ ಊರಿಗೆ ಸಂದರ್ಶಕ ಶಿಕ್ಷಕಿಯಾಗಿ ಹೋಗುವುದು ಹೆಚ್ಚುಕಮ್ಮಿ ನಿಕ್ಕಿಯಾಗಿದೆ. ವೀಸಾ, ಸಂಬಳ, ಚುಚ್ಚುಮದ್ದು ಎಲ್ಲ ವಿಚಾರಿಸಿಕೊಂಡಿದ್ದೇನೆ. ಆಯಿಗೆ ನನ್ನ ಊಟದ್ದೇ ಚಿಂತೆ (ನಾವು ಸಸ್ಯಾಹಾರಿಗಳು). ಅಪ್ಪ ಹುಲಿಯ ಸುದ್ದಿ ತೆಗೆಯುತ್ತಾನೆ. ಆಫ್ರಿಕಾದ ಕಾಡಿನಲ್ಲಿ ಹುಲಿಯೇ ಇಲ್ಲ ಅಂದರೂ ನಂಬುವುದಿಲ್ಲ. ನನಗೆ ಬೇಕಾದದ್ದು ಬೇರೆ. ದಿನನಿತ್ಯದ ರೀತಿ-ರಿವಾಜಿನಲ್ಲಿ, ಶಾಲೆಯಲ್ಲಿ, ನಾವು ಎಣಿಸಿಯೇ ಇರದಂಥದ್ದು ಎಂತ ಎದುರಾಗುತ್ತದೆ?

ಹೆಗಡೆಕಟ್ಟೆ ಮಾಸ್ತರ:

ತಂಗೀ, ನಾನು ಶಿರಸಿ ತಾಲೂಕಿನವ, ಹವ್ಯಕ, ಈಗ ನಿವೃತ್ತನಾಗಿ ತೋಟ ನೋಡಿಕೊಂಡಿದ್ದೇನೆ. ಗೊಜ್ಜಾಂನಲ್ಲೇ ಭೌತಶಾಸ್ತ್ರ ಕಲಿಸುತ್ತಿದ್ದೆ. ಹೆದರಿಕೊಂಡು ಹೋದ ವಿಷಯಗಳೆಲ್ಲ ಸಲೀಸಾಗಿ ಕಳೆದವು. ಕೈಕೊಟ್ಟದ್ದು ನಾನು ಯೋಚನೆಯೇ ಮಾಡದ ಸಂಗತಿಗಳು, ಗಡಿಯಾರದಿಂದಲೇ ಶುರು.

ಅಲ್ಲಿ ಹೊತ್ತು ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಮಧ್ಯಾಹ್ನದ ಹನ್ನೆರಡು ಅವರಿಗೆ ಆರು. "ನಾಳೆ ಎರಡಕ್ಕೆ ಪರೀಕ್ಷೆ" ಅಂದರೆ ಬೆಳಿಗ್ಗೆ ಎಂಟಕ್ಕೆ. ವರ್ಷವಿಡೀ ಹಗಲು-ರಾತ್ರಿ ಸುಮಾರು ಸಮವಾಗಿರುವ ದೇಶ, ಹಾಗಾಗಿ ಲೆಕ್ಕ ಕೆಡುವುದಿಲ್ಲ. ವಿಮಾನದ ಟಿಕೀಟಿನಲ್ಲಿ ನಮ್ಮ ಗಂಟೆ, ಊರ ಬಸ್ಸಿನಲ್ಲಿ ಅವರ ಗಂಟೆ. ಯಾರು ಹೊತ್ತು ಹೇಳಿದರೂ ಯಾವ ಲೆಕ್ಕದ್ದು ಎಂದು ಕೇಳಿಬಿಡು, ಯಾರೂ ನಗುವುದಿಲ್ಲ. ಸೂರ್ಯೋದಯದಿಂದ ಘಟಿ ಎಣಿಸಿ ಮುಹೂರ್ತ ಇಡುತ್ತಿದ್ದ ನನ್ನ ಅಜ್ಜನಾಗಿದ್ದರೆ ಇದರಲ್ಲಿ ಆಶ್ಚರ್ಯ ಎಂತದ್ದು ಅನ್ನುತ್ತಿದ್ದ.

ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನದ ಹನ್ನೆರಡು, ಕೊನೆಗೆ ಐದು ಅಥವಾ ಆರು ದಿನದ್ದೊಂದು. ಇಸವಿ ನಮಗಿಂತ ಏಳೆಂಟು ವರ್ಷ ಹಿಂದೆ. 2007ರ ಸೆಪ್ಟೆಂಬರ್ 12ಕ್ಕೆ ಅಲ್ಲಿ 2000ನೇ ವರ್ಷ ಹುಟ್ಟಿತು, ದೇಶಕ್ಕೆ ದೇಶವೇ ಕುಣಿಯಿತು. ಹಾಜರಿ ಪುಸ್ತಕದಲ್ಲಿ ಮಕ್ಕಳ ಹುಟ್ಟಿದ ತಾರೀಕು ನೋಡಿ ಗಾಬರಿಯಾಗಬೇಡ.

ಇನ್ನು ತರಗತಿ. ನಾನಿದ್ದ ಕಾಲಕ್ಕೆ ಒಂಬತ್ತನೇ ತರಗತಿಯಿಂದ ಮೇಲೆ ಪಾಠ ಮಾಡುತ್ತಿದ್ದದ್ದು ಟಿವಿ. ಉಪಗ್ರಹದ ಮೂಲಕ ದೇಶಕ್ಕೆಲ್ಲ ಒಂದೇ ಪಾಠ, ಒಂದೇ ಹೊತ್ತಿಗೆ, ಇಂಗ್ಲಿಷಿನಲ್ಲಿ. ಎಲ್ಲರ ಬಾಯಲ್ಲಿ ಅದಕ್ಕೆ "ಪ್ಲಾಸ್ಮಾ" ಎಂದೇ ಹೆಸರು. ಅದಕ್ಕೆ ಮೊದಲು ನಾಲ್ಕು ಮಾತು, ಮುಗಿದ ಮೇಲೆ ನಾಲ್ಕು ಮಾತು, ಇಷ್ಟೇ ಮಾಸ್ತರನ ಪಾಲು. ಪರದೆಯ ಮೇಲಿನ ಮಾಸ್ತರ ಪ್ರಶ್ನೆ ಕೇಳಿ, ಉತ್ತರ ಬರೆಯಲು ಚೂರು ಹೊತ್ತು ಕೊಟ್ಟು, "ಶಭಾಸ್" ಎಂದು ಮುಂದೆ ಓಡುತ್ತಿದ್ದ. ಅಲ್ಲಿಯ ಭಾಷೆಯಾದ ಆಮ್‌ಹರಿಕ್‌ನಲ್ಲಿ ಎಂಟನೇ ತರಗತಿಯವರೆಗೆ ಕಲಿತು ಬಂದ ಮಕ್ಕಳು ಆಗಿನ್ನೂ ಪ್ರಶ್ನೆಯನ್ನೇ ನಕಲು ಮಾಡುತ್ತಿದ್ದವು. ಪರದೆಯ ಹತ್ತಿರ "ತಡಿಯೋ ಮಾರಾಯ" ಅನ್ನಲಿಕ್ಕೆ ಬರುತ್ತದಾ? ಕರೆಂಟು ಹೋದ ದಿನವೇ ನಮ್ಮ ನಿಜವಾದ ಪಾಠ. ದೀಪ ಆರಿದರೆ ಮಕ್ಕಳ ಮುಖ ಅರಳುತ್ತಿತ್ತು, ನನ್ನದೂ. ಈ ಯೋಜನೆ ಮಾಡಿದವರು ಒಳ್ಳೆಯ ಶಿಕ್ಷಕರು ಸಾಲದೆ ಮಾಡಿದ್ದು, ಅದು ಸುಳ್ಳಲ್ಲ. ಆದರೂ ಕೈ ಎತ್ತಿದ ಹುಡುಗನನ್ನು ನೋಡದ ಮಾಸ್ತರ ಮಾಸ್ತರನಲ್ಲ ಎಂಬುದು ನನ್ನ ಹಟ.

ಆ ಮಕ್ಕಳ ಪಾಡನ್ನೂ ಹೇಳುತ್ತೇನೆ. ದೂರದ ಹಳ್ಳಿಯವು ಪೇಟೆಯಲ್ಲಿ ಮೂರ್ನಾಲ್ಕು ಜನ ಸೇರಿ ಬಾಡಿಗೆ ಕೋಣೆ ಹಿಡಿಯುತ್ತವೆ. ವಾರದ ಕೊನೆಗೆ ನಡೆದುಕೊಂಡೇ ಮನೆಗೆ ಹೋಗಿ ವಾರಕ್ಕಾಗುವಷ್ಟು ಇಂಜೆರಾ (ಅಲ್ಲಿಯ ರೊಟ್ಟಿ) ಕಟ್ಟಿಕೊಂಡು ಬರುತ್ತವೆ. ಸೋಮವಾರ ಬೆಳಿಗ್ಗೆ ಯಾರಾದರೂ ತೂಕಡಿಸಿದರೆ ಬಯ್ಯುವ ಮೊದಲು ಇದು ನೆನಪಿರಲಿ.

ಊಟ. ಆಯಿಗೆ ಧೈರ್ಯ ಹೇಳು. ಇಂಜೆರಾ ಅಂದರೆ ತೆಫ್ ಎಂಬ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಮಾಡುವ, ನಮ್ಮ ಹುಳಿದೋಸೆಯಂಥ ದೊಡ್ಡ ರೊಟ್ಟಿ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮೊದಲಿನ 55 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಆ ದಿನ ಯಾವ ಖಾನಾವಳಿಗೆ ಹೋದರೂ ಬೇಳೆ, ಕಡಲೆಹಿಟ್ಟಿನ ಶಿರೋ, ಕೋಸು, ಸೊಪ್ಪು. ಬೇರೆ ದಿನಗಳಲ್ಲಿ "ನನಗೆ ಉಪವಾಸದ ಊಟ" ಎಂದರೆ ಸಾಕು. ನಾನು ದಿನವೂ ಹಾಗೇ ಅನ್ನುತ್ತಿದ್ದೆನಾದ್ದರಿಂದ ಮನೆಯೊಡತಿಗೆ ನಾನು ಮಹಾ ದೈವಭಕ್ತ. ಒಂದು ಶುಕ್ರವಾರ ಹಾಲು ಹಾಕಿದ ಚಾ ಕುಡಿಯುವುದನ್ನು ನೋಡಿದಳು ನೋಡು, ಭಕ್ತಿಯೆಲ್ಲ ಇಳಿದುಹೋಯಿತು! ಮಾಂಸ ತಿನ್ನದವ ಶುಕ್ರವಾರ ಹಾಲು ಹೇಗೆ ಕುಡಿದ ಎಂಬುದು ಆ ಓಣಿಗೆಲ್ಲ ಬಗೆಹರಿಯದ ಒಗಟು. ಅಲ್ಲಿಯ ಆಶ್ಚರ್ಯಗಳ ಪಟ್ಟಿ ಮಾಡುವಾಗ ಅವರ ಕಡೆಯ ಪಟ್ಟಿಯಲ್ಲಿ ನಾವಿರುತ್ತೇವೆ.

ನನ್ನಂಥವನಿಗೆ ಗಂಟಲಲ್ಲಿ ಸಿಕ್ಕಿದ್ದು ಊಟವಲ್ಲ, ಉಣಿಸುವುದು. ಎಲ್ಲರೂ ಒಂದೇ ತಟ್ಟೆಯಿಂದ ಉಣ್ಣುತ್ತಾರೆ. ಪ್ರೀತಿ ಹೆಚ್ಚಾದರೆ ದೊಡ್ಡ ತುತ್ತು ಕಟ್ಟಿ ಎದುರಿಗಿದ್ದವರ ಬಾಯಿಗೇ ಇಡುತ್ತಾರೆ, ಅದಕ್ಕೆ ಗುರ್ಶಾ ಎನ್ನುತ್ತಾರೆ. ಎಂಜಲು-ಮುಸುರೆ ಎಂದು ಬೆಳೆದ ನನಗೆ ಹೆಡ್‌ಮಾಸ್ತರರ ಕೈ ಬಾಯಿಯ ಹತ್ತಿರ ಬಂದಾಗ ಹೇಗಾಗಿರಬೇಡ. ಬಾಯಿ ತೆರೆದೆ. ಒಂದಕ್ಕೇ ನಿಲ್ಲಿಸಿದರೆ ಜಗಳ ಅನ್ನುತ್ತಾರೆ, ಮತ್ತೊಂದು ಬಂತು.

ಸಾವಿನ ಮನೆಗೆ ಶಿಕ್ಷಕರೆಲ್ಲ ಒಟ್ಟಿಗೆ ಹೋಗುವುದು ವಾಡಿಕೆ, ಪರದೇಶಿ ಮಾಸ್ತರನಿಗೂ ರಿಯಾಯಿತಿ ಇಲ್ಲ. ಪ್ರತಿ ಕೇರಿಗೂ ಇದ್ದಿರ್ ಎಂಬ ಸಂಘ. ತಿಂಗಳ ವಂತಿಗೆ ಕೂಡಿಟ್ಟು ಹೂಳುವ ಖರ್ಚು, ಡೇರೆ, ಪಾತ್ರೆ ನೋಡಿಕೊಳ್ಳುತ್ತದೆ. ಅಲ್ಲಿ ಬೇಯಿಸಿದ ಗೋಧಿ, ಕಡಲೆ ಕೊಡುತ್ತಾರೆ. ಸೂತಕದ ಮನೆಯಲ್ಲಿ ನೀರೂ ಮುಟ್ಟದವ ನಾನು. ಮಾತಾಡಬೇಕಿಲ್ಲ, ಸುಮ್ಮನೆ ಕೂತು ಒಂದು ಮುಷ್ಟಿ ತಿಂದರೆ ಸಾಕು.

ಕಾಫಿಗೆ ಕರೆದರೆ ಪುರುಸೊತ್ತು ಮಾಡಿಕೊಂಡು ಹೋಗು. ಬೀಜ ಹುರಿಯುವುದರಿಂದ ಶುರು, ಮೂರು ಸುತ್ತು. ಮೊದಲನೆಯದಕ್ಕೇ ಎದ್ದರೆ ಬೇಜಾರು.

ಕೋಡಿಬಾಗದವಳು:

ನಾನು ಕಾರವಾರದವಳು. ಕಲಿಸಿದ್ದು ಟಾಂಜಾನಿಯಾದಲ್ಲಿ, ವಿಕ್ಟೋರಿಯಾ ಸರೋವರದ ದಡದ ಹಳ್ಳಿ. ಮಾಸ್ತರರೇ, ಗಡಿಯಾರದ ಕಥೆ ಅಲ್ಲಿಯೂ ಅದೇ, ಸ್ವಾಹಿಲಿ ಆಡುವವರೆಲ್ಲ ಹೊತ್ತು ಎಣಿಸುವುದು ಹಾಗೇ.

ತಂಗಿ, ನಾನು ಹೇಳುವುದು ಹೆಂಗಸಾಗಿ ಎದುರಾಗುವ ಸಂಗತಿ. ಅಲ್ಲಿ ಹೆಂಗಸರನ್ನು ಮೊದಲ ಮಗುವಿನ ಹೆಸರು ಸೇರಿಸಿ "ಇಂಥವರ ಮಾಮಾ" ಎಂದು ಕರೆಯುತ್ತಾರೆ, ಮಾಮಾ ಅಂದರೆ ಅಲ್ಲಿ ತಾಯಿ. ಮದುವೆಯಾಗದ ನನ್ನನ್ನು ಹೇಗೆ ಕರೆಯುವುದು ಎಂದು ಪಕ್ಕದ ಮನೆಯವರಿಗೆ ಪೇಚಾಟ. ಕೊನೆಗೆ ಎಲ್ಲರಿಗೂ "ಮ್ವಾಲಿಮು" ಆದೆ, ಅಂದರೆ ಕಲಿಸುವವರು, ನಮ್ಮಲ್ಲಿ ಅಕ್ಕೋರು ಅಂದ ಹಾಗೆ. ಅದಕ್ಕೆ ಅಲ್ಲಿ ಬೆಲೆ ಇದೆ. ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೆರೆಯನ್ನೂ ಜನ ಇವತ್ತಿಗೂ ಹಾಗೇ ಕರೆಯುವುದು, ಅವರು ಮೂಲತಃ ಶಿಕ್ಷಕರು. ಮದುವೆ ಯಾಕಾಗಿಲ್ಲ, ಮಕ್ಕಳೆಷ್ಟು ಎಂದು ಬಸ್ಸಿನಲ್ಲೂ ಕೇಳುತ್ತಾರೆ. ಕಾರವಾರದ ಮೀನು ಮಾರ್ಕೆಟಿನಲ್ಲಿ ಕೇಳುವುದಿಲ್ಲವಾ? ಸಿಟ್ಟು ಮಾಡಿಕೊಳ್ಳಬೇಡ.

ಶಾಲೆ ಶುರುವಾಗುವ ಮೊದಲು ಮಕ್ಕಳೇ ಅಂಗಳ ಗುಡಿಸಿ, ಹುಲ್ಲು ಕತ್ತರಿಸಿ, ನೀರು ಹೊರುವುದು ನೋಡಿ ಮೊದಲು ನನಗೆ ಕಸಿವಿಸಿ. ಅದರಲ್ಲಿ ಕೆಲವು ಕೆಲಸ ಹೆಚ್ಚಾಯಿತು ಎಂದು ಈಗಲೂ ಅನ್ನುತ್ತೇನೆ. ಮಾಸ್ತರರು ಒಳ್ಳೆಯದೇ ಹೇಳಿದ್ದಾರೆ, ಬೆತ್ತದ ಮಾತು ತೆಗೆಯಲಿಲ್ಲ. ನನ್ನ ಶಾಲೆಯಲ್ಲಿ ಇತ್ತು. ನಾನು ಹಿಡಿಯಲಿಲ್ಲ, "ಇಂಡಿಯಾದಲ್ಲಿ ಹೊಡೆಯುವುದಿಲ್ಲವಾ" ಎಂದು ಸ್ಟಾಫ್‌ರೂಮಿನಲ್ಲಿ ಕೇಳಿದಾಗ ಇಲ್ಲ ಎಂದು ಎದೆ ತಟ್ಟಿ ಹೇಳಲಿಕ್ಕೂ ಆಗಲಿಲ್ಲ.

ಊಟದ್ದು ನನಗೆ ತೊಂದರೆಯೇ ಆಗಲಿಲ್ಲ. ದಗಾ ಎಂಬ ಸಣ್ಣ ಬೆಳ್ಳಿ ಮೀನನ್ನು ಮರಳ ಮೇಲೆ ಒಣಗಿಸುತ್ತಾರೆ. ಆ ವಾಸನೆಗೇ ಊರಿಗೆ ಬಂದ ಹಾಗಾಗುತ್ತಿತ್ತು.

ಯಲ್ಲಾಪುರದವ:

ಓದಿ ಖುಷಿಯಾಯಿತು. ನಾನು ಸಿದ್ದಿ ಸಮುದಾಯದವನು. ನಮ್ಮ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದದ್ದು. ತಪ್ಪಿಸಿಕೊಂಡವರು ಈ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡ ಕಡೆ ಇದ್ದೇವೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಟೀಚರ್, ಅಲ್ಲಿ ಮಕ್ಕಳು "ಫೆರೆಂಜಿ" (ಅಂದರೆ ಪರದೇಶದವರು) ಎಂದು ಕೂಗಿಕೊಂಡು ಹಿಂದೆ ಬರುತ್ತಾರಂತೆ. ನನ್ನನ್ನು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಂಗ್ಲಿಷಿನಲ್ಲಿ "ಯಾವ ದೇಶ" ಎಂದು ಕೇಳುತ್ತಾರೆ. ನಾನು ಕನ್ನಡದಲ್ಲಿ "ಯಲ್ಲಾಪುರ, ಮತ್ತೆ ನಿಮ್ಮದು?" ಅನ್ನುತ್ತೇನೆ. ನೀವು ಆಮ್‌ಹರಿಕ್‌ನಲ್ಲಿ ಅಷ್ಟು ಕಲಿತುಕೊಂಡು ಹೋಗಿ. ಒಂದು ವ್ಯತ್ಯಾಸ: ನಿಮ್ಮನ್ನು ಅವರು ಅತಿಥಿ ಎಂದು ನೋಡುತ್ತಾರೆ.

ಕುಮಟೆಯ ಟೀಚರ್:

ಎಲ್ಲರಿಗೂ ಧನ್ಯವಾದ. ಅಪ್ಪನಿಗೂ ಓದಿ ಹೇಳಿದೆ, ಹುಲಿ ಬಿಟ್ಟು ಈಗ ಬೆತ್ತದ ಚರ್ಚೆ ಹಿಡಿದಿದ್ದಾನೆ. ಮಾಸ್ತರ್ರೇ, ಆಮ್‌ಹರಿಕ್ ಲಿಪಿ ಕಷ್ಟವಾ? ಮತ್ತೆ ಆಯಿ ಅಪ್ಪೆಮಿಡಿ ಭರಣಿ ತುಂಬಿಸಿಟ್ಟಿದ್ದಾಳೆ, ತಗೊಂಡು ಹೋಗಲಾ?

ಹೆಗಡೆಕಟ್ಟೆ ಮಾಸ್ತರ:

ಲಿಪಿ ಕಾಗುಣಿತವೇ. ಮೂವತ್ತಮೂರು ಮೂಲಾಕ್ಷರ, ಒಂದೊಂದಕ್ಕೆ ಏಳು ರೂಪ. ಕನ್ನಡದವರಿಗೆ ಬೇಗ ಕೂರುತ್ತದೆ. ಮಿಡಿ ತಗೊಂಡು ಹೋಗು, ಆದರೆ ಭರಣಿ ಬೇಡ, ಒಡೆಯುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟು. ಖಾರ ಹೆಚ್ಚಾಯಿತೇನೋ ಎಂಬ ಹೆದರಿಕೆ ಬೇಡ, ಅವರ ಬರ್ಬರೆ ಎಂಬ ಮೆಣಸಿನ ಮಸಾಲೆ ಪುಡಿಯ ಮುಂದೆ ಅದು ಎಂತದ್ದೂ ಅಲ್ಲ.