ಬಾಸ್ಟನ್ ಹತ್ತಿರದ ಲೋವೆಲ್ ಗಿರಣಿ ಊರಿಗೆ ಅರ್ಧ ದಿನ ಸಾಕೇ?

ಪ್ರಶ್ನೆ: ನೇಯ್ಗೆಯವಳು, ಹಾಸನ

ಮಗಳು, ಅಳಿಯ ಬಾಸ್ಟನ್‌ನಲ್ಲಿದ್ದಾರೆ. ಜುಲೈ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುತ್ತಿದ್ದೇವೆ. ಹಾಸನದ ಒಂದು ಜವಳಿ ಕಾರ್ಖಾನೆಯ ನೇಯ್ಗೆ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು ನಾನು. ಬಾಸ್ಟನ್ ಹತ್ತಿರ ಲೋವೆಲ್ ಎಂಬ ಹಳೆಯ ಗಿರಣಿ ಊರು ಇದೆಯಂತೆ, ಲಾಳಿಯ ಮಗ್ಗಗಳನ್ನು ಈಗಲೂ ನಡೆಸಿ ತೋರಿಸುತ್ತಾರಂತೆ. ನಮ್ಮಲ್ಲಿದ್ದದ್ದು ರೇಪಿಯರ್ ಮಗ್ಗಗಳು, ಅವುಗಳಲ್ಲಿ ಲಾಳಿಯೇ ಇಲ್ಲ. ಹಾಗಾಗಿ ಆಸೆ. ಅಳಿಯ ಮಾತ್ರ "ಕೆಂಪು ಇಟ್ಟಿಗೆಯ ಕಟ್ಟಡಗಳಷ್ಟೇ ಅತ್ತೆ, ಅರ್ಧ ದಿನ ಸಾಕು" ಎನ್ನುತ್ತಾರೆ. ಹೌದೇ? ಅವರಿಗೆ ರಜೆ ಸಿಗುವುದಿಲ್ಲ. ನಾವಿಬ್ಬರೇ ರೈಲಿನಲ್ಲಿ ಹೋಗಿ ಬರಬಹುದೇ? ಯಜಮಾನರಿಗೆ ಮಂಡಿನೋವಿದೆ, ಮಧ್ಯಾಹ್ನ ಅನ್ನ ಇಲ್ಲದಿದ್ದರೆ ಆಗುವುದಿಲ್ಲ.

ಉತ್ತರ: ಕಾಫಿ ಸೀಮೆಯವಳು, ಚಿಕ್ಕಮಗಳೂರು

ಅಕ್ಕ, ಅರ್ಧ ದಿನಕ್ಕೆ ದಯವಿಟ್ಟು ಒಪ್ಪಿಕೊಳ್ಳಬೇಡಿ. ಮಗನ ಮನೆಗೆ ಹೋದಾಗ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿದ್ದೆ, ಆದರೂ ನೋಡುವುದು ಉಳಿಯಿತು. ಮಗ್ಗದ ಜೊತೆ ಬದುಕಿದ ನಿಮಗೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ.

ಪ್ರಯಾಣ ಸುಲಭ. ಲೋವೆಲ್ ರೈಲು ಹೊರಡುವುದು ನಾರ್ತ್ ಸ್ಟೇಷನ್‌ನಿಂದ; ಸೌತ್ ಸ್ಟೇಷನ್‌ಗೆ ಹೋಗಬೇಡಿ. ಸುಮಾರು 40 ಕಿ.ಮೀ. ದೂರ, ಮುಕ್ಕಾಲು ಗಂಟೆಯ ದಾರಿ. ಲೋವೆಲ್ ಆ ಮಾರ್ಗದ ಕೊನೆಯ ನಿಲ್ದಾಣ, ಆದ್ದರಿಂದ ಎಲ್ಲಿ ಇಳಿಯಬೇಕೆಂಬ ಆತಂಕವಿಲ್ಲ. ನಿಲ್ದಾಣದಿಂದ ಊರಿನ ಮಧ್ಯಕ್ಕೆ ನಡೆಯುವಷ್ಟೇ ದೂರವಾದರೂ ಮಂಡಿನೋವಿನವರು ಬಸ್ಸಿನಲ್ಲಿ ಹೋಗುವುದೇ ಮೇಲು.

ಮೊದಲು ಬೂಟ್ ಎಂಬ ಹೆಸರಿನ ಹಳೆಯ ಹತ್ತಿ ಗಿರಣಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿನ ನೇಯ್ಗೆ ಕೋಣೆಯಲ್ಲಿ 20ನೇ ಶತಮಾನದ ಆರಂಭದ ಡ್ರೇಪರ್ ಕಂಪನಿಯ ಲಾಳಿ ಮಗ್ಗಗಳು 80ಕ್ಕೂ ಹೆಚ್ಚಿವೆ. ಒಂದೇ ಸಲಕ್ಕೆ ಕೆಲವನ್ನು ಮಾತ್ರ ನಡೆಸುತ್ತಾರೆ, ಅಷ್ಟಕ್ಕೇ ನೆಲ ನಡುಗುತ್ತದೆ. ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಡುತ್ತಾರೆ. ಎಲ್ಲ ಮಗ್ಗಗಳೂ ಒಟ್ಟಿಗೆ ಓಡುತ್ತಿದ್ದ ಕಾಲದಲ್ಲಿ ಕೆಲಸದವರಿಗೆ ಇದ್ಯಾವುದೂ ಇರಲಿಲ್ಲ. ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಯಲ್ಲಿ ಹೀರಿ ಎಳೆಯುತ್ತಿದ್ದರು, ನೂಲಿನ ಜೊತೆ ಹತ್ತಿಯ ಧೂಳೂ ಎದೆಗೆ ಇಳಿಯುತ್ತಿತ್ತು. ಅದನ್ನು ತಿಳಿದ ಮೇಲೆ ಆ ಲಾಳಿಯನ್ನು ನನ್ನಿಂದ ಬೇರೆ ಕಣ್ಣಿನಲ್ಲಿ ನೋಡಲಾಗಲಿಲ್ಲ.

ಅಲ್ಲಿಂದ ಪಕ್ಕದ ವಸತಿಗೃಹಕ್ಕೆ ಹೋಗಿ. ಹೆಚ್ಚಿನವರು ಮಗ್ಗ ನೋಡಿ ಹೊರಟುಬಿಡುತ್ತಾರೆ. ಲೋವೆಲ್ಲಿನ ಜೀವ ಇರುವುದು ಈ ಮನೆಯಲ್ಲಿ ಎಂದು ನನ್ನ ದೃಢವಾದ ಅಭಿಪ್ರಾಯ. 1820ರ ದಶಕದಲ್ಲಿ ಗಿರಣಿಗಳು ಶುರುವಾದಾಗ ಸುತ್ತಲಿನ ಪ್ರಾಂತ್ಯಗಳ ರೈತರ ಹೆಣ್ಣುಮಕ್ಕಳನ್ನು ಕರೆತಂದು ಇಂಥ ಮನೆಗಳಲ್ಲಿ ಇರಿಸಿದರು. ಹದಿನೈದರ ಹುಡುಗಿಯರಿಂದ ಮೂವತ್ತರ ಹೆಂಗಸರವರೆಗೆ. ಗಂಟೆ ಬಾರಿಸಿದಾಗ ಏಳಬೇಕು, ಗಂಟೆ ಬಾರಿಸಿದಾಗ ಉಣ್ಣಬೇಕು. ವಾರಕ್ಕೆ ಸರಾಸರಿ 73 ತಾಸು ದುಡಿತ, ಒಂದು ಹಾಸಿಗೆಯಲ್ಲಿ ಇಬ್ಬರು, ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಅಷ್ಟಾದರೂ ತಮ್ಮ ಹೆಸರಿನಲ್ಲಿ ಸಂಬಳ ಎಣಿಸಿಕೊಂಡದ್ದು ಬಹಳ ಮಂದಿಗೆ ಅದೇ ಮೊದಲು. ಕೂಲಿ ಕಡಿತ ಎಂದಾಗ 1834ರಲ್ಲಿ, ಊಟ ವಸತಿಯ ದರ ಏರಿಸಿದಾಗ 1836ರಲ್ಲಿ ಇದೇ ಹುಡುಗಿಯರು ಮಗ್ಗ ಬಿಟ್ಟು ಬೀದಿಗೆ ಇಳಿದರು. ಮುಂದೆ ಹತ್ತು ತಾಸಿನ ದಿನ ಬೇಕೆಂದು ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿಯ ಮುಂದಾಳತ್ವದಲ್ಲಿ ಶಾಸನಸಭೆಗೆ ಅರ್ಜಿ ಸಲ್ಲಿಸಿದರು. ಆಲೂರು, ಬೇಲೂರು ಕಡೆಯಿಂದ ಕಾರ್ಖಾನೆಯ ಬಸ್ಸಿನಲ್ಲಿ ಬರುವ ನಮ್ಮ ಹೆಣ್ಣುಮಕ್ಕಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆ ಊಟದ ಮೇಜಿನ ಮುಂದೆ ನಿಂತರೆ ನಿಮಗೆ ಅವರ ಮುಖಗಳೇ ಕಾಣುತ್ತವೆ.

ಅನ್ನಕ್ಕೆ ಕೊರತೆಯಿಲ್ಲ. 1980ರ ದಶಕದಿಂದ ಕಾಂಬೋಡಿಯಾದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ, ಅವರ ಹೋಟೆಲುಗಳಲ್ಲಿ ಬಿಸಿ ಅನ್ನ ಸಿಗುತ್ತದೆ. ಸಸ್ಯಾಹಾರಿಗಳಾದರೆ ಮೀನಿನ ಸಾಸ್ ಹಾಕಬೇಡಿ ಎಂದು ಮೊದಲೇ ಹೇಳಿ, ಇಲ್ಲವೇ ಮಗಳ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿ.

ಉತ್ತರ: ನಿವೃತ್ತ ಎಂಜಿನಿಯರ್, ಸಕಲೇಶಪುರ

ಮೇಲಿನವರು ನೀರಿನ ವಿಷಯ ಬಿಟ್ಟಿದ್ದಾರೆ. ನೀರಿಲ್ಲದೆ ಲೋವೆಲ್ಲೇ ಇಲ್ಲ. ಮೆರಿಮ್ಯಾಕ್ ನದಿ ಪಾಟಕೆಟ್ ಜಲಪಾತದ ಬಳಿ ಸುಮಾರು 10 ಮೀಟರ್ ಇಳಿಯುತ್ತದೆ. ಆ ಇಳಿತವನ್ನು ಸುಮಾರು 9 ಕಿ.ಮೀ. ಉದ್ದದ ಕಾಲುವೆಗಳಲ್ಲಿ ಹಂಚಿ ಗಿರಣಿಗಳ ಚಕ್ರ ತಿರುಗಿಸಿದರು. ಜಗತ್ತಿನ ಜಲವಿದ್ಯುತ್ ಕೇಂದ್ರಗಳಲ್ಲಿ ಇಂದಿಗೂ ತಿರುಗುವ ಫ್ರಾನ್ಸಿಸ್ ಟರ್ಬೈನ್ ಎಂಬ ನೀರಿನ ಚಕ್ರ ರೂಪುಗೊಂಡದ್ದು ಇಲ್ಲೇ, ಕಾಲುವೆಗಳ ಎಂಜಿನಿಯರ್ ಜೇಮ್ಸ್ ಫ್ರಾನ್ಸಿಸ್ ಅವರ ಕೈಯಲ್ಲಿ. ಅವರು 1850ರಲ್ಲಿ, ಪ್ರವಾಹ ಬಂದಾಗ ಇಳಿಸಿ ಕಾಲುವೆಗೆ ನೀರು ನುಗ್ಗದಂತೆ ತಡೆಯಲು ಮರದ ಭಾರೀ ತೂಬು ಕಟ್ಟಿಸಿದಾಗ ಜನ ಅದನ್ನು ಹುಚ್ಚು ಎಂದರು. ಎರಡೇ ವರ್ಷದಲ್ಲಿ ಬಂದ ಪ್ರವಾಹದಿಂದ ಊರನ್ನು ಉಳಿಸಿದ್ದು ಅದೇ ತೂಬು. 1936ರ ಪ್ರವಾಹದಲ್ಲಿಯೂ ಅದನ್ನೇ ಇಳಿಸಿದರು. ಬೇಸಿಗೆಯಲ್ಲಿ ಕಾಲುವೆಯ ದೋಣಿ ಸವಾರಿ ಇರುತ್ತದೆ, ಯಜಮಾನರು ಕುಳಿತೇ ನೋಡಬಹುದು. ಜಾಗ ಬೇಗ ತುಂಬುತ್ತದೆ, ಮುಂಚೆಯೇ ಕಾಯ್ದಿರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಇಡೀ ದಿನ ಎಂದು ಮಗಳಿಗೆ ಹೇಳಿಯಾಯಿತು. ಒಂದು ಸಂದೇಹ: ಅಷ್ಟು ಚಳಿಯ ಸೀಮೆಯಲ್ಲಿ ಹತ್ತಿ ಬೆಳೆಯುವುದಿಲ್ಲವಲ್ಲ, ಎಲ್ಲಿಂದ ತರುತ್ತಿದ್ದರು?

ಉತ್ತರ: ಕಾಫಿ ಸೀಮೆಯವಳು, ಚಿಕ್ಕಮಗಳೂರು

ಕೇಳಬೇಕಾದ್ದನ್ನೇ ಕೇಳಿದಿರಿ ಅಕ್ಕ. ಅಮೆರಿಕದ ದಕ್ಷಿಣದಿಂದ, ಗುಲಾಮರು ಬಿಡಿಸಿದ ಹತ್ತಿ. ಇಲ್ಲಿ ನೇಯ್ದ ಒರಟು ಬಟ್ಟೆಯಲ್ಲಿ ಒಂದು ಪಾಲನ್ನು ತೋಟದ ಮಾಲೀಕರು ಗುಲಾಮರಿಗೆ ತೊಡಿಸಲೆಂದು ಕೊಳ್ಳುತ್ತಿದ್ದರು. ಅಂಥ ಬಟ್ಟೆಗೆ ದಕ್ಷಿಣದಲ್ಲಿ ಈ ಊರಿನ ಹೆಸರೇ ಅಂಟಿಕೊಂಡಿತ್ತು. ತಮ್ಮ ಕೂಲಿಗಾಗಿ ಹೋರಾಡಿದ ಹುಡುಗಿಯರ ಕೈಯಲ್ಲಿ ಓಡುತ್ತಿದ್ದದ್ದು ಕೂಲಿಯೇ ಇಲ್ಲದವರ ಹತ್ತಿ. ಅವರಲ್ಲಿ ಕೆಲವರು ಗುಲಾಮಗಿರಿಯ ವಿರುದ್ಧ ಅರ್ಜಿಗಳಿಗೆ ಸಹಿಯನ್ನೂ ಹಾಕಿದ್ದರು. ಆ ಗಿರಣಿಗಳ ಸಾಲು 1978ರಿಂದ ರಾಷ್ಟ್ರೀಯ ಉದ್ಯಾನ, ಅಲ್ಲಿನ ಮಾರ್ಗದರ್ಶಿಗಳಿಗೆ ಈ ಪ್ರಶ್ನೆಯನ್ನು ತಪ್ಪದೆ ಹಾಕಿ. ಮಗ್ಗ ನಡೆಸುವ ಸಮಯ ಬದಲಾಗುತ್ತಿರುತ್ತದೆ, ಹಿಂದಿನ ದಿನ ಉದ್ಯಾನದ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.