ಬ್ಯಾಂಕಾಕ್‌ನಲ್ಲಿ ಫ್ಲ್ಯಾಟ್ ನೋಂದಣಿ: ಹಣ ಬಾತ್ ರೂಪದಲ್ಲಿ ಬಂದಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಬ್ಯಾಂಕಾಕ್‌ನಲ್ಲಿ ಕೆಲಸದಲ್ಲಿದ್ದೇನೆ. ಹಾಸನದ ನಿವೇಶನ ಮಾರಿ, ಇಲ್ಲೊಂದು ಚಿಕ್ಕ ಕಾಂಡೊ (ಫ್ಲ್ಯಾಟ್) ಕೊಳ್ಳಲು ಮುಂಗಡ ಕೊಟ್ಟಿದ್ದೇನೆ. ಥಾಯ್ಲೆಂಡ್‌ನ 1979ರ ಕಾಂಡೊಮಿನಿಯಂ ಕಾಯ್ದೆಯಂತೆ ಒಂದು ಕಟ್ಟಡದ ಎಲ್ಲ ಫ್ಲ್ಯಾಟ್‌ಗಳ ಒಟ್ಟು ವಿಸ್ತೀರ್ಣದಲ್ಲಿ 49 ಶೇಕಡಾ ಮಾತ್ರ ವಿದೇಶಿಯರ ಹೆಸರಿನಲ್ಲಿರಬಹುದು. ನಮ್ಮ ಕಟ್ಟಡದಲ್ಲಿ ಆ ಪಾಲು ಇನ್ನೂ ತುಂಬಿಲ್ಲ, ಆಡಳಿತ ಮಂಡಳಿಯ ಪತ್ರವೂ ಕೈಯಲ್ಲಿದೆ.

ತೊಡಕು ಹಣದ್ದು. ನನ್ನಂಥ ವಿದೇಶಿಯರ ಹೆಸರಿಗೆ ನೋಂದಣಿಯಾಗಲು ಹಣ ವಿದೇಶಿ ಕರೆನ್ಸಿಯಾಗಿಯೇ ಇಲ್ಲಿಗೆ ಬಂದು, ಇಲ್ಲಿಯೇ ಬಾತ್ (ಥಾಯ್ಲೆಂಡ್‌ನ ಹಣ) ಆಗಬೇಕು. ನನ್ನ ಎನ್‌ಆರ್‌ಒ ಖಾತೆಯಿಂದ (ಅನಿವಾಸಿ ಭಾರತೀಯರು ಭಾರತದಲ್ಲಿಡುವ ರೂಪಾಯಿ ಖಾತೆ) ಕಳುಹಿಸುವಾಗ ಭಾರತದ ಬ್ಯಾಂಕಿನವರು ಅಲ್ಲಿಯೇ ಬಾತ್‌ಗೆ ಬದಲಿಸಿ ಕಳುಹಿಸಿಬಿಟ್ಟಿದ್ದಾರೆ. ಇಲ್ಲಿನ ಬ್ಯಾಂಕಿನ ಹುಡುಗಿ ರಸೀದಿಯ ಕರೆನ್ಸಿ ಸಾಲಿನ ಮೇಲೆ ಬೆರಳಿಟ್ಟು, ‘ಟಿಎಚ್‌ಬಿ, ಅಂದರೆ ಬಾತ್ ಎಂದಿದೆ, ವಿದೇಶಿ ವಿನಿಮಯದ ಪ್ರಮಾಣಪತ್ರ ಕೊಡಲಾಗದು’ ಎಂದಳು. 24 ಲಕ್ಷ ಬಾತ್ ಖಾತೆಯಲ್ಲಿ ಸುಮ್ಮನೆ ಕುಳಿತಿದೆ.

ಭಾರತದ ಬ್ಯಾಂಕಿಗೆ ಮೂರು ಪತ್ರ ಬರೆದೆ, ಉತ್ತರವಿಲ್ಲ. ದಲ್ಲಾಳಿ ಥಾಯ್ ಪ್ರಜೆಯೊಬ್ಬರ ಹೆಸರಿನಲ್ಲಿ ಕೊಳ್ಳಿ ಎನ್ನುತ್ತಾರೆ. ಅದು ಕಾನೂನುಬಾಹಿರ, ಅಪ್ಪ ಕೂಡಿಟ್ಟ ನೆಲದ ಹಣವನ್ನು ಹಾಗೆ ಪಣಕ್ಕಿಡಲಾರೆ. ಮೂವತ್ತು ವರ್ಷದ ಗುತ್ತಿಗೆಯೂ ನನಗೆ ಬೇಡ.

ನೋಂದಣಿಗೆ ಉಳಿದಿರುವುದು 18 ದಿನ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತೇ? ಈ ಹಣವನ್ನು ಹೊರದೇಶದ ಖಾತೆಗೆ ಹಿಂದಿರುಗಿಸಿ ಡಾಲರ್‌ನಲ್ಲಿ ಮತ್ತೆ ತರಿಸಲೇಬೇಕೇ, ಅಥವಾ ಆ ಪ್ರಮಾಣಪತ್ರದ ಬದಲು, ನೋಂದಣಿ ಮಾಡುವ ಭೂ ಕಚೇರಿ ಒಪ್ಪುವ ಬೇರೆ ದಾಖಲೆಯನ್ನು ಬ್ಯಾಂಕಿನಿಂದ ನೀವು ಪಡೆದಿದ್ದೀರಾ?