ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ಉರಿಗೆ ನಿಮ್ಮ ಕಡೆ ಏನಂತಾರೆ?

ಸರ್ಪಸುತ್ತಿನ ಗುಳ್ಳೆ ಒಣಗಿ, ಹಕ್ಕಳೆ ಉದುರಿದ ಮೇಲೂ ಅದೇ ಜಾಗದಲ್ಲಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಾಧೆ ಉಳಿಯುತ್ತದೆ. 60 ದಾಟಿದವರಲ್ಲಿ ಇದು ಹೆಚ್ಚು. 90 ದಿನ ಕಳೆದರೂ ಹೋಗದಿದ್ದರೆ ವೈದ್ಯರು ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಅನ್ನುತ್ತಾರೆ. ಸಿಂಧನೂರು, ಮಸ್ಕಿ, ಗಂಗಾವತಿ, ಸಿರುಗುಪ್ಪದ ಕಡೆ ಇದಕ್ಕೆ ಆಡುಮಾತಿನ ಹೆಸರು ಇದೆಯೇ? ಆಶಾ ಕಾರ್ಯಕರ್ತೆಯರಿಗೆ ಕೊಡಲು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಪುಸ್ತಕದ ಕನ್ನಡದಲ್ಲಿ ‘ನರಶೂಲೆ’ ಇದೆ, ಆದರೆ ನಮ್ಮಲ್ಲಿ ಶೂಲಿ ಅಂದರೆ ಜನ ಹೊಟ್ಟೆ ಹಿಡಿದುಕೊಳ್ಳುತ್ತಾರೆ.

‘ನರದ ನೋವು’ ಅನ್ನೋಣವೆಂದರೆ ಎರಡೂ ಪದ ತೊಡಕಿನವು. ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್ ನಮಗೆ ‘ನರಕ್ಕ ಸೂಜಿ’. ಕಾಲಲ್ಲಿ ಉಬ್ಬುವುದೂ ನರವೇ, ಕುತ್ತಿಗೆ ಉಳುಕಿದಾಗ ಹಿಡಿಯುವುದೂ ನರವೇ. ಗೋಡೆಗಳ ಮೇಲಿನ ‘ನರದೌರ್ಬಲ್ಯ’ದ ಜಾಹೀರಾತು ನೋಡಿ ನೋಡಿ ಹೆಣ್ಣುಮಕ್ಕಳು ಆ ಮಾತು ಎತ್ತಲೂ ಸಂಕೋಚಪಡುತ್ತಾರೆ.

‘ನೋವು’ ಇನ್ನೂ ಕಷ್ಟದ್ದು. ನಮ್ಮ ಸೋದರತ್ತಿಗೆ ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಆಗಿತ್ತು. ಮಾಯ್ದ ಮೇಲೆ ಡಾಕ್ಟರು ‘ನೋವು ಐತೇನಮ್ಮ?’ ಅಂದಾಗ ‘ಇಲ್ರೀ’ ಅಂದರು. ಹೊರಗೆ ಬಂದು ನನ್ನ ಮುಂದೆ ಹೇಳಿದ್ದೇ ಬೇರೆ: ‘ನೋವು ಎಲ್ಲಿಂದು, ಖಾರ ಹಚ್ಚಿದಂಗ ಉರಿತೈತಿ. ಸೆರಗು ತಾಕಿದ್ರ ಜೀವ ಹೋದಂಗ ಆಗ್ತೈತಿ.’ ಅವರ ಲೆಕ್ಕದಲ್ಲಿ ನೋವು ಗಾಯದ್ದು, ಬ್ಯಾನಿ ಹೊಟ್ಟೆಯದು ಇಲ್ಲವೆ ಹೆರಿಗೆಯದು. ಉರಿ ಈ ಎರಡರಲ್ಲೂ ಸೇರದು. ಕೇಳಿದ ಪದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು, ಆದರೆ ಚೀಟಿಯಲ್ಲಿ ಅದಕ್ಕೆ ಬೇಕಾದ ಮಾತ್ರೆ ಬರಲಿಲ್ಲ. ಈ ಉರಿಗೆ ಸಾಮಾನ್ಯ ನೋವಿನ ಗುಳಿಗೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಬೇರೆ ಔಷಧಿಗಳೇ ಇವೆ. ಪದ ತಪ್ಪಿದರೆ ಮದ್ದೂ ತಪ್ಪುತ್ತದೆ ಅಂತ ನನಗೆ ಅನ್ನಿಸಿದ್ದು ಆಗಲೇ.

ನರಬಾಧೆಯನ್ನು ಗುರುತಿಸಲು ಫ್ರಾನ್ಸಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಡಿಎನ್4 ಎಂಬ ಪ್ರಶ್ನಾವಳಿ ಇದೆ. 10 ಅಂಶಗಳಲ್ಲಿ 4 ಹೊಂದಿದರೆ ನರಬಾಧೆಯ ಶಂಕೆ. ಅದರಲ್ಲಿ ಕೇಳುವ ಬಹುತೇಕ ಅನುಭವಗಳಿಗೆ ನಮ್ಮ ಮಾತು ಸಿದ್ಧವಾಗಿಯೇ ಇದೆ. ಉರಿ, ಜೋಮು, ಸೂಜಿ ಚುಚ್ಚಿದಂಗ, ಕರೆಂಟ್ ಹೊಡದಂಗ. ತುರಿಕೆಗೆ ನಮ್ಮಲ್ಲಿ ‘ತಿಂಡಿ’ (ಬೆಂಗಳೂರಿನವರು ಬೆಳಗಿನ ಉಪಾಹಾರ ಅಂದುಕೊಳ್ಳದಿರಲಿ). ‘ಚಳಕು’ ಅನ್ನುವುದು ನನಗೆ ಬಹಳ ಮೆಚ್ಚುಗೆಯ ಪದ, ಒಮ್ಮೆಲೇ ಬಂದು ಹೋಗುವ ಇರಿತ ಆ ಮೂರಕ್ಷರದಲ್ಲಿದೆ. ನಾನು ಸಿಕ್ಕಿಬಿದ್ದದ್ದು ‘ನೋಯಿಸುವ ತಂಪು’ ಎಂಬಲ್ಲಿ. ‘ಕೊರಿಯೋದು’ ಅಂದರೆ ಸಾಕೇ?

ರೋಗದ ಹೆಸರಂತೂ ಅಚ್ಚುಕಟ್ಟಾಗಿದೆ. ಸರ್ಪಸುತ್ತಿಗೆ ವೈದ್ಯರು ಅನ್ನುವುದು ಹರ್ಪಿಸ್ ಜೋಸ್ಟರ್. ಗ್ರೀಕಿನಲ್ಲಿ ಹರ್ಪಿಸ್ ಎಂದರೆ ತೆವಳುವುದು, ಜೋಸ್ಟರ್ ಎಂದರೆ ಸೊಂಟಪಟ್ಟಿ. ಸಂಸ್ಕೃತದ ‘ಸರ್ಪ’ಕ್ಕೂ ತೆವಳುವುದೇ ಮೂಲಾರ್ಥ, ಎರಡೂ ಒಂದೇ ಧಾತುವಿನ ಕವಲುಗಳು. ‘ಸುತ್ತು’ ಎಂಬುದು ಮಾತ್ರ ಹೆದರಿಕೆಯನ್ನು ಹುಟ್ಟಿಸಿದೆ. ತಲೆ ಬಾಲ ಕೂಡಿದರೆ ಸಾವು ಅಂತ ಕೆಮ್ಮಣ್ಣು ಹಚ್ಚಿಸಿಕೊಂಡು ಕೂಡುವವರು ಈಗಲೂ ಇದ್ದಾರೆ. ಚಿಕ್ಕಂದಿನಲ್ಲಿ ‘ಅಮ್ಮ’ (ಚಿಕನ್‌ಪಾಕ್ಸ್) ಎದ್ದಾಗ ನರದ ಬುಡದಲ್ಲಿ ಅಡಗಿದ ವೈರಸ್ಸೇ ಮತ್ತೆ ಏಳುವುದು. ಅದು ಒಂದೇ ಬದಿಯ ನರದ ಜಾಡು ಹಿಡಿಯುವುದರಿಂದ ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಗುಳಿಗೆ ಶುರುಮಾಡುವುದು ಮುಖ್ಯ ಅಂತ ಕರಪತ್ರದ ಮೊದಲ ಸಾಲಿನಲ್ಲೇ ಹಾಕುತ್ತೇನೆ.

ಈಗ ನನಗೆ ತೀರಾ ಬೇಕಾದ ಪದ: ಬಟ್ಟೆ, ಗಾಳಿ, ಬೆರಳು ತಾಕಿದರೂ ಆಗುವ ಸಂಕಟಕ್ಕೆ. ವೈದ್ಯರದು ಅಲೋಡೈನಿಯಾ. ಹಳಗನ್ನಡದಲ್ಲಿ ‘ಸೋಂಕು’ ಎಂದರೆ ಸ್ಪರ್ಶವೇ, ಆದರೆ ಕೊರೋನಾ ಬಂದ ಮೇಲೆ ‘ಸೋಂಕುನೋವು’ ಅಂದರೆ ಅಂಟುರೋಗ ಅಂತಲೇ ಓದುತ್ತಾರೆ. ‘ತಾಕುರಿ’ ಅಂತ ಕಟ್ಟಿಕೊಂಡಿದ್ದೇನೆ. ಅದಕ್ಕಿಂತ ಮನೆಯಲ್ಲಿ ಹಿರಿಯರು ಆಡಿದ ಪದವಿದ್ದರೆ ಅದನ್ನೇ ಹಾಕುವೆ. ಬಿಡಿಪದ ಬೇಡ, ಅವರು ಹೇಳಿದ ಇಡೀ ವಾಕ್ಯ ಮತ್ತು ಊರಿನ ಹೆಸರು ಬರೆಯಿರಿ.